ಹಳೆಯ ಡೆಸ್ಕ್‌ಟಾಪ್ ಕೊಂಡು ಮೇಲ್ದರ್ಜೆಗೇರಿಸುವ ಮುನ್ನ

ಮುಂಬಯಿಯ ಗ್ರ್ಯಾಂಟ್ ರೋಡ್ ಸ್ಟೇಷನ್ನಿಗೆ ಹತ್ತಿರದ ಲ್ಯಾಮಿಂಗ್ಟನ್ ರಸ್ತೆಯಲ್ಲಿ, ಕಂಪನಿಗಳು ಬಳಸಿ ಕೈಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳಂಥ ಡೆಸ್ಕ್‌ಟಾಪ್‌ಗಳು ಹೊಸದರ ಬೆಲೆಗಿಂತ ಬಹಳ ಕಡಿಮೆಗೆ ಸಿಗುತ್ತವೆ. ಡೊಂಬಿವಲಿ, ಮುಲುಂಡ್ ಕಡೆಯ ನಮ್ಮವರು ಮಕ್ಕಳ ಓದಿಗೋ ಸಂಘದ ಲೆಕ್ಕಪತ್ರಕ್ಕೋ ಇಂಥದೊಂದನ್ನು ತಂದು, ಬೇಕಾದ ಭಾಗಗಳನ್ನು ಆಮೇಲೆ ಹಾಕಿಸಿಕೊಂಡರಾಯಿತು ಎಂದುಕೊಳ್ಳುವುದು ಸಹಜ. ಆ ಯೋಚನೆ ಫಲಿಸಬೇಕಾದರೆ, ಬದಲಾಯಿಸಬಹುದಾದ ಭಾಗಗಳಿಗಿಂತ ಮೊದಲು ಬದಲಾಯಿಸಲಾಗದವುಗಳನ್ನು ನೋಡಬೇಕು.

ಅವುಗಳಲ್ಲಿ ಮುಖ್ಯವಾದದ್ದು ಪ್ರೊಸೆಸರಿನ ಪೀಳಿಗೆ. ಇಂಟೆಲ್ ಐ5-8500 ಎಂಬ ಹೆಸರಿನಲ್ಲಿ ಅಡ್ಡಗೆರೆಯ ನಂತರದ 8 ಎಂಬುದೇ ಪೀಳಿಗೆಯ ಸಂಖ್ಯೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಮತ್ತು ಇಂಟೆಲ್ ಡೆಸ್ಕ್‌ಟಾಪ್‌ಗಳಲ್ಲಿ 8ನೇ ಪೀಳಿಗೆ ಅಥವಾ ಅದರ ಈಚಿನ ಪ್ರೊಸೆಸರ್ ಇರಬೇಕು. ನಾಲ್ಕನೇ ಪೀಳಿಗೆಯ ಯಂತ್ರ ಎಷ್ಟೇ ಅಗ್ಗವಾಗಿ ಸಿಕ್ಕರೂ, ವಿಂಡೋಸ್ ಬದಲು ಲಿನಕ್ಸ್ ಬಳಸುವ ಮನಸ್ಸು ಇಲ್ಲದವರಿಗೆ ಅದು ಬೇಡವೆಂದೇ ನನ್ನ ಸಲಹೆ. ಮುಂದೆ ಪ್ರೊಸೆಸರನ್ನಷ್ಟೇ ಬದಲಾಯಿಸಿಕೊಳ್ಳುವ ಆಸೆಯೂ ಸುಲಭವಾಗಿ ಈಡೇರುವುದಿಲ್ಲ: 7ನೇ ಮತ್ತು 8ನೇ ಪೀಳಿಗೆಗಳ ಪ್ರೊಸೆಸರ್ ಕೂರುವ ಸಾಕೆಟ್ಟಿನ ಹೆಸರು ಒಂದೇ ಆಗಿದ್ದರೂ, 7ನೇ ಪೀಳಿಗೆಯ ಮದರ್‌ಬೋರ್ಡಿನಲ್ಲಿ 8ನೇ ಪೀಳಿಗೆಯ ಚಿಪ್ ಕೆಲಸ ಮಾಡುವುದಿಲ್ಲ.

ಎರಡನೆಯದು ಕ್ಯಾಬಿನೆಟ್ ಮತ್ತು ಅದರೊಳಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್. ಜನರು ಹೆಚ್ಚಾಗಿ ಮೋಸಹೋಗುವುದು ಇಲ್ಲಿಯೇ. ಕಂಪನಿಗಳಿಗಾಗಿ ತಯಾರಾದ ಈ ಯಂತ್ರಗಳಲ್ಲಿ ಅನೇಕವು ತಮ್ಮದೇ ಆಕಾರದ ಎಸ್‌ಎಂಪಿಎಸ್ಸನ್ನೂ ತಮ್ಮದೇ ಕನೆಕ್ಟರುಗಳನ್ನೂ ಹೊಂದಿರುತ್ತವೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಸ್‌ಎಂಪಿಎಸ್ ಅವುಗಳಿಗೆ ನೇರವಾಗಿ ಕೂರುವುದಿಲ್ಲ. ಕ್ಯಾಬಿನೆಟ್ ತೆಳುವಾಗಿದ್ದರೆ ಗೇಮ್ ಮತ್ತು ವಿಡಿಯೊ ಕೆಲಸಕ್ಕೆ ಬೇಕಾಗುವ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಅರ್ಧ ಎತ್ತರದ್ದು ಮಾತ್ರ ಹಿಡಿಸುತ್ತದೆ. ಪ್ರತ್ಯೇಕ ವಿದ್ಯುತ್ ತಂತಿ ಇಲ್ಲದೆ ಸ್ಲಾಟಿನಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್, ತೆಳು ಯಂತ್ರಗಳಲ್ಲಿ ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಮಗ ಗೇಮ್ ಆಡುತ್ತಾನೆ, ಮಗಳು ವಿಡಿಯೊ ಎಡಿಟಿಂಗ್ ಕಲಿಯುತ್ತಾಳೆ ಎನ್ನುವವರು ಮೊದಲೇ ಟವರ್ ಮಾದರಿಯನ್ನು ಕೇಳುವುದು ಒಳ್ಳೆಯದು.

ಉಳಿದದ್ದು ಸರಳ. ಹಾರ್ಡ್ ಡಿಸ್ಕಿನ ಬದಲು, ತಿರುಗುವ ತಟ್ಟೆಯಿಲ್ಲದ ವೇಗದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ ಹಾಕಿಸಿದಾಗ ಆಗುವಷ್ಟು ಕಣ್ಣಿಗೆ ಕಾಣುವ ಸುಧಾರಣೆ ದಿನನಿತ್ಯದ ಕೆಲಸದಲ್ಲಿ ಬೇರೆ ಯಾವುದರಿಂದಲೂ ಆಗುವುದಿಲ್ಲ. ರ್‍ಯಾಮ್ 8 ಜಿಬಿ ಇದ್ದರೆ ಕಚೇರಿ ಕೆಲಸ ನಡೆಯುತ್ತದೆ, 16 ಜಿಬಿ ನೆಮ್ಮದಿಯದು. ಒಂದೇ ದೊಡ್ಡ ಸ್ಟಿಕ್ಕಿಗಿಂತ ಸಮಾನವಾದ ಎರಡು ಸ್ಟಿಕ್ಕುಗಳು ಮೇಲು. ಡಿಡಿಆರ್3 ರ್‍ಯಾಮ್ ಅದರ ನಂತರ ಬಂದ ಡಿಡಿಆರ್4 ಬಗೆಯ ಸ್ಲಾಟಿಗೆ ಹೊಂದುವುದಿಲ್ಲವಾದ್ದರಿಂದ ಮನೆಯಲ್ಲಿರುವ ಹಳೆಯದನ್ನು ನಂಬಿಕೊಳ್ಳಬಾರದು.

ಅಂಗಡಿಯಲ್ಲಿ ಕ್ಯಾಬಿನೆಟ್ ತೆರೆಸಿಯೇ ನೋಡಬೇಕು, ಇದಕ್ಕೆ ಸಂಕೋಚ ಬೇಡ. ಮುಂಬಯಿಯ ಉಪ್ಪುಗಾಳಿ ಮತ್ತು ಮಳೆಗಾಲದ ತೇವ ಲೋಹವನ್ನು ಬಿಡುವುದಿಲ್ಲವಾದ್ದರಿಂದ ಹಿಂಬದಿಯ ಯುಎಸ್‌ಬಿ ಪೋರ್ಟುಗಳ ಅಂಚಿನಲ್ಲಿ ತುಕ್ಕು, ಕನೆಕ್ಟರುಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ, ತಲೆ ಉಬ್ಬಿದ ಕೆಪ್ಯಾಸಿಟರುಗಳು ಇವೆಯೇ ಎಂದು ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಪರೀಕ್ಷಿಸಿ. ನಂತರ ಯಂತ್ರವನ್ನು ಚಾಲೂ ಮಾಡಿಸಿ, ಬಯೋಸ್ (ಯಂತ್ರ ಶುರುವಾಗುವಾಗಿನ ಮೂಲ ಸೆಟ್ಟಿಂಗುಗಳು) ಒಳಗೆ ಹೋಗಿ ಪಾಸ್‌ವರ್ಡ್ ಕೇಳುತ್ತದೆಯೇ ನೋಡಿ. ಕೇಳಿದರೆ, ಮಾರುವವರು ಅದನ್ನು ನಿಮ್ಮೆದುರಿಗೇ ತೆಗೆಯದ ಹೊರತು ಆ ಯಂತ್ರವನ್ನು ಕೊಳ್ಳಬೇಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶವು ಡಿಸ್ಕ್ ಎಷ್ಟು ಗಂಟೆ ಓಡಿದೆ, ಅದರಲ್ಲಿ ಕೆಟ್ಟ ಸೆಕ್ಟರುಗಳಿವೆಯೇ ಎಂಬುದನ್ನು ತೋರಿಸುತ್ತದೆ. ಒಂದೆರಡು ವಿಡಿಯೊಗಳನ್ನು ಒಟ್ಟಿಗೆ ಓಡಿಸಿ ಫ್ಯಾನಿನ ಸದ್ದನ್ನೂ ಕೇಳಿಸಿಕೊಳ್ಳಿ.

ಬೆಲೆಯ ಮಾತು ಕೊನೆಗಿರಲಿ. ಯಂತ್ರದ ಬೆಲೆ, ಎಸ್‌ಎಸ್‌ಡಿ, ರ್‍ಯಾಮ್, ಅಗತ್ಯವಿದ್ದರೆ ಮಾನಿಟರ್ ಮತ್ತು ವೈಫೈ ಅಡಾಪ್ಟರ್ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೂಡಿಸಿ, ಆ ಮೊತ್ತಕ್ಕೆ ಒಂದೆರಡು ಪೀಳಿಗೆ ಹೊಸದಾದ ಬಳಸಿದ ಯಂತ್ರ ಅದೇ ರಸ್ತೆಯಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿ. ಸಿಗುವುದಾದರೆ ಅದನ್ನೇ ಕೊಳ್ಳಿ. ಬಿಲ್ಲಿನಲ್ಲಿ ಯಂತ್ರದ ಸೀರಿಯಲ್ ಸಂಖ್ಯೆ ಮತ್ತು ವಾರಂಟಿಯ ಅವಧಿಯನ್ನು ಬರೆಯಿಸಿಕೊಳ್ಳಿ, ಮನೆಗೆ ತಂದ ಮೇಲೆ ಡಿಸ್ಕನ್ನು ಪೂರ್ತಿ ಅಳಿಸಿ ಆಪರೇಟಿಂಗ್ ಸಿಸ್ಟಮ್ಮನ್ನು ನೀವೇ ಹೊಸದಾಗಿ ಹಾಕಿಕೊಳ್ಳಿ.