ಡಿಲೇ ಪೆಡಲ್‌ನ ಕೀರಲು ಸದ್ದು ನಿಂತದ್ದು ಹೀಗೆ

ಗಿಟಾರ್ ನುಡಿಸದೆ ಸುಮ್ಮನಿದ್ದರೂ ನನ್ನ ಅನಲಾಗ್ ಡಿಲೇ ಪೆಡಲ್ (ನುಡಿಸಿದ್ದನ್ನು ತುಸು ತಡವಾಗಿ ಪ್ರತಿಧ್ವನಿಸುವ ಪೆಟ್ಟಿಗೆ) ಸಣ್ಣಗೆ ಕುಂಯ್ ಅನ್ನುತ್ತಿತ್ತು. ಎಷ್ಟು ತಡವಾಗಬೇಕೆಂದು ಹೊಂದಿಸುವ ಟೈಮ್ ನಾಬ್ ತಿರುಗಿಸಿದರೆ ಆ ಸ್ವರವೂ ಏರಿಳಿಯುತ್ತಿತ್ತು. ಚಿಕ್ಕಮಗಳೂರಿನ ಮಳೆಗಾಲದ ತೇವವೇ ಕಾರಣವೆಂದುಕೊಂಡು ಜಾಕ್‌ಗಳನ್ನೆಲ್ಲ ಒರೆಸಿದೆ, ಕೇಬಲ್ ಬದಲಿಸಿದೆ. ಏನೂ ಆಗಲಿಲ್ಲ.

ಒಂದು ಸಂಜೆ ಎಂ.ಜಿ. ರಸ್ತೆಯಿಂದ 9 ವೋಲ್ಟ್ ಬ್ಯಾಟರಿ ತಂದು ಅಡಾಪ್ಟರ್ ಕಿತ್ತೆ. ಕುಂಯ್ ಸದ್ದು ಅಲ್ಲೇ ನಿಂತಿತು! ಒಂದೇ ಅಡಾಪ್ಟರ್‌ನಿಂದ ಡಿಜಿಟಲ್ ರಿವರ್ಬ್‌ಗೂ (ದೊಡ್ಡ ಕೋಣೆಯ ಅನುರಣನ ಕೊಡುವ ಇನ್ನೊಂದು ಪೆಡಲ್) ಕರೆಂಟ್ ಕೊಡುತ್ತಿದ್ದೆ. ಅದರ ಗದ್ದಲ ಅದೇ ತಂತಿಯಲ್ಲಿ ಡಿಲೇಗೆ ನುಗ್ಗುತ್ತಿತ್ತು. ಈಗ ಪ್ರತಿ ಪೆಡಲ್‌ಗೂ ಪ್ರತ್ಯೇಕ ಐಸೊಲೇಟೆಡ್ (ಒಂದಕ್ಕೊಂದು ಸಂಪರ್ಕವಿಲ್ಲದ) ಔಟ್‌ಪುಟ್ ಇರುವ ಸಪ್ಲೈ ಹಾಕಿದ್ದೇನೆ.

ಆದರೂ ಹಿಸ್, ಅಂದರೆ ಸುಸ್ ಎನ್ನುವ ಹಿನ್ನೆಲೆ ಸದ್ದು, ಉಳಿಯಿತು. ಅದು ಡಿಲೇಯೊಳಗಿನ ಬಕೆಟ್ ಬ್ರಿಗೇಡ್ ಚಿಪ್‌ನ ಹುಟ್ಟುಗುಣ. ಸಾಲಾಗಿ ನಿಂತವರು ನೀರಿನ ಬಿಂದಿಗೆಯನ್ನು ಕೈಯಿಂದ ಕೈಗೆ ದಾಟಿಸುವಂತೆ ಸಿಗ್ನಲ್ ಮೆಟ್ಟಿಲಿಂದ ಮೆಟ್ಟಿಲಿಗೆ ಸಾಗುತ್ತದೆ. ಎಂಎನ್3005 ಎಂಬ ಇಂಥ ಚಿಪ್‌ನಲ್ಲಿ 4096 ಮೆಟ್ಟಿಲುಗಳಿವೆ. 300 ಮಿಲಿಸೆಕೆಂಡ್ ತಡವಾಗಬೇಕಾದರೆ ಸಿಗ್ನಲನ್ನು ಮುಂದೆ ದಾಟಿಸುವ ಅದರ ಕ್ಲಾಕ್‌ನ ವೇಗ ಸುಮಾರು 6.8 ಕಿಲೋಹರ್ಟ್ಸ್‌ಗೆ ಇಳಿಯಬೇಕು, ಅಂದರೆ ಕಿವಿಗೆ ಕೇಳುವ ಮಟ್ಟಕ್ಕೇ. ಅದಕ್ಕೇ ಇಂಥ ಪೆಡಲ್‌ಗಳಲ್ಲಿ ಫಿಲ್ಟರ್ ಹಾಕಿ ಮೇಲಿನ ಸ್ವರಗಳನ್ನು ಕತ್ತರಿಸುತ್ತಾರೆ. ನನಗೆ ಪ್ರಿಯವಾದ ಆ ಮಬ್ಬು, ಬೆಚ್ಚಗಿನ ಪ್ರತಿಧ್ವನಿ ಬರುವುದೂ ಅದರಿಂದಲೇ.

ಹಿಸ್ ಹೆಚ್ಚಿಸುತ್ತಿದ್ದ ತಪ್ಪು ನನ್ನದೇ: ಡಿಲೇಯನ್ನು ಡಿಸ್ಟಾರ್ಷನ್‌ಗಿಂತ (ಸಿಗ್ನಲನ್ನು ಹಿಗ್ಗಿಸಿ ಸದ್ದನ್ನು ಒರಟಾಗಿಸುವ ಪೆಡಲ್) ಮೊದಲು ಇಟ್ಟಿದ್ದೆ. ಡಿಸ್ಟಾರ್ಷನ್ ಆ ಹಿಸ್ಸನ್ನೂ ಹಿಗ್ಗಿಸುತ್ತಿತ್ತು. ನಂತರಕ್ಕೆ ಸರಿಸಿದೆ, ಟೈಮ್ ಸ್ವಲ್ಪ ಇಳಿಸಿದೆ. ಈಗ ಉಳಿದಿರುವುದು ಕಿವಿಗೊಟ್ಟರಷ್ಟೇ ಕೇಳುವ ಉಸಿರಿನಂಥ ಸದ್ದು.