ಮುಂದೆ ಸಮ್ಮರ್, ಹಿಂದೆ ಆಲ್-ಸೀಸನ್ ಟೈರ್ ಬೇಡ

ಅಮೆರಿಕದ ಡೆಟ್ರಾಯಿಟ್ ಕಡೆ ಮಸ್ಟಾಂಗ್‌ನಂಥ, ಎಂಜಿನ್ ಬಲ ಹಿಂದಿನ ಚಕ್ರಗಳಿಗೆ ಹೋಗುವ ಕಾರು ಇಟ್ಟುಕೊಂಡಿರುವ ಗೆಳೆಯರಿಗೆ ಒಂದು ಮಾತು. ಇಂಥ ಕಾರಿನಲ್ಲಿ ಹಿಂದಿನ ಟೈರ್ ಬೇಗ ಸವೆಯುತ್ತದೆ. ಮುಂದಿನ ಸಮ್ಮರ್ ಟೈರ್ (ಬೇಸಿಗೆಗೆಂದೇ ಮಾಡಿದ್ದು) ಇನ್ನೂ ಚೆನ್ನಾಗಿದೆ, ಹಿಂದೆ ಮಾತ್ರ ಆಲ್-ಸೀಸನ್ (ಎಲ್ಲ ಕಾಲಕ್ಕೂ ಬಳಸುವಂಥದ್ದು) ಹಾಕಿಸೋಣ ಅನ್ನಿಸುತ್ತದೆ ಅಲ್ವಾ? ದಯವಿಟ್ಟು ಬೇಡ.

ಬೇಸಿಗೆಯಲ್ಲಿ ಮುಂದಿನ ಟೈರ್ ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಹಿಂದಿನದಕ್ಕೆ ಅಷ್ಟು ಹಿಡಿತವಿಲ್ಲ. ಜೋರಾಗಿ ಹೋಗುವಾಗ ತಿರುವಿನ ಮಧ್ಯೆ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಜಾರಿ ಕಾರು ಗಿರ್ರನೆ ತಿರುಗಬಹುದು. ಇದೇ ನನಗೆ ಜಾಸ್ತಿ ಭಯ. ಚಳಿಯಲ್ಲಿ ಉಲ್ಟಾ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಅಂದರೆ ಅಲ್ಲಿನ ಲೆಕ್ಕದಲ್ಲಿ 45 ಫ್ಯಾರನ್‌ಹೀಟ್, ಸಮ್ಮರ್ ಟೈರಿನ ರಬ್ಬರ್ ಗಟ್ಟಿಯಾಗುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಕಾರು ನೆಟ್ಟಗೆ ಹೋಗುತ್ತದೆ. ಕಾರು ಜಾರದಂತೆ ತಾನೇ ಬ್ರೇಕ್ ಹಾಕಿ ಸಂಭಾಳಿಸುವ ಸ್ಟೆಬಿಲಿಟಿ ಕಂಟ್ರೋಲ್ ಇದೆಯಲ್ಲ ಎಂದು ಸುಮ್ನೆ ಧೈರ್ಯ ಮಾಡಬೇಡಿ. ಟೈರಿಗೇ ಇಲ್ಲದ ಹಿಡಿತವನ್ನು ಅದು ತರುವುದಿಲ್ಲ.

ಎರಡೇ ಕೊಳ್ಳುವುದಾದರೆ ಮುಂದಿರುವ ಮಾದರಿಯನ್ನೇ ಹಿಂದೆಯೂ ಹಾಕಿಸಿ. ಹಿಮದ ತಿಂಗಳುಗಳಿಗೆ ಬೇರೆ ರಿಮ್‌ಗಳಲ್ಲಿ ನಾಲ್ಕೂ ವಿಂಟರ್ ಟೈರ್ ಇಟ್ಟುಕೊಳ್ಳಿ. ದುಡ್ಡು ಜಾಸ್ತಿ, ನಿಜ. ಆದರೆ ಒಂದು ಸೆಟ್ ಓಡುವಾಗ ಇನ್ನೊಂದು ಸವೆಯುವುದಿಲ್ಲ. ಆಲ್-ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಕಾರು) ಇದ್ದವರು ಮುಂದಿನ-ಹಿಂದಿನ ಟೈರುಗಳ ಸವೆತದ ವ್ಯತ್ಯಾಸವನ್ನೂ ಅಳೆಸಿ ನೋಡಿ.