ಡಿಸ್ಕ್ ಇದೆ, ಇನ್‌ಸ್ಟಾಲರ್‌ಗೆ ಕಾಣಲ್ಲ: ಹಳೇ ಕಾರ್ಡ್‌ಗಳಲ್ಲೇ ಕೆಲಸ ಮುಗಿಸಿದೆ

"ಕಾರ್ಡ್ ಬದಲಾಯಿಸಿ ಬಿಡಿ, ಸುಮ್ನೆ ಟೈಮ್ ಹಾಳು" ಅಂತ ಟೀಮಿನಲ್ಲಿ ಎಲ್ಲರೂ ಹೇಳಿದ್ದರು. ಒಂದಿಪ್ಪತ್ತು ಹಳೇ ಸರ್ವರ್‌ಗಳಿಗೆ ಆರ್‌ಎಚ್‌ಇಎಲ್ 8 (ರೆಡ್ ಹ್ಯಾಟ್‌ನ ಲಿನಕ್ಸ್) ಹಾಕಬೇಕಿತ್ತು, ಎಲ್ಲದರಲ್ಲೂ ಡಿಸ್ಕ್‌ಗಳನ್ನು ಜೋಡಿಸುವ ಎಸ್‌ಎಎಸ್2008 ಕಾರ್ಡು. ಹೊಸ ಕಾರ್ಡ್‌ಗಳಿಗೆ ಕೊಟೇಶನ್ ತರಿಸಿದರೆ, ಆ ದುಡ್ಡಿಗೆ ಒಂದೆರಡು ಸರ್ವರ್‌ಗಳೇ ಬರುತ್ತಿದ್ದವು!

ಪಿಎಕ್ಸ್‌ಇ (ನೆಟ್‌ವರ್ಕ್ ಮೂಲಕ) ಬೂಟ್ ಆಗುತ್ತದೆ, ಇನ್‌ಸ್ಟಾಲರ್‌ಗೆ ಉತ್ತರಗಳನ್ನು ಕೊಡುವ ಕಿಕ್‌ಸ್ಟಾರ್ಟ್ ಫೈಲ್ ಬರುತ್ತದೆ, ಆಮೇಲೆ ಡಿಸ್ಕೇ ಇಲ್ಲ ಅಂತ ನಿಂತುಬಿಡುತ್ತದೆ. ಶೆಲ್‌ಗೆ ಹೋಗಿ, ಕಾರ್ಡ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ ಕಮಾಂಡ್ ಕೊಟ್ಟೆ. 1000:0072 ಅಂತ ಕಾರ್ಡ್ ಕಾಣುತ್ತದೆ, ಆದರೆ ಡ್ರೈವರ್ ಸಾಲೇ ಇಲ್ಲ. ಆರ್‌ಎಚ್‌ಇಎಲ್ 8ರಲ್ಲಿ ಈ ಕಾರ್ಡ್‌ಗಳ ಡ್ರೈವರ್ ಆದ ಎಂಪಿಟಿ3ಸ್ಯಾಸ್ ಮಾಡ್ಯೂಲ್‌ನಿಂದ ಈ ಐಡಿ ತೆಗೆದಿದ್ದಾರೆ. ಅಷ್ಟೇ ವಿಷಯ.

ಆರ್‌ಎಚ್‌ಇಎಲ್ 7ರ ಮಾಡ್ಯೂಲನ್ನು ಇನಿಟ್‌ಆರ್‌ಡಿಗೆ (ಬೂಟ್ ಶುರುವಿನಲ್ಲಿ ಲೋಡ್ ಆಗುವ ಪುಟ್ಟ ಫೈಲ್ ಸಿಸ್ಟಮ್) ತುರುಕಿ ನೋಡಿದೆ. 'ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್' ಅಂತ ಮುಖಕ್ಕೆ ಹೊಡೆದಂಗೆ ಬಂತು. ಆಮೇಲೆ ಎಲ್‌ರೆಪೋದ (ಆರ್‌ಎಚ್‌ಇಎಲ್‌ಗೆ ಹೆಚ್ಚುವರಿ ಡ್ರೈವರ್ ಕೊಡುವ ಸಮುದಾಯದ ರೆಪೊಸಿಟರಿ) ಡ್ರೈವರ್ ಡಿಸ್ಕ್ ಇಮೇಜನ್ನು ಇನ್‌ಸ್ಟಾಲರ್‌ನ ಐಎನ್‌ಎಸ್‌ಟಿ.ಡಿಡಿ ಬೂಟ್ ಆಪ್ಶನ್‌ಗೆ ಕೊಟ್ಟೆ. ಅದೂ ಮೊದಲು ಕೈಕೊಟ್ಟಿತು, ಏಕೆಂದರೆ ಇಮೇಜ್ ಬೇರೆ ಮೈನರ್ ರಿಲೀಸಿನದು. ರಿಲೀಸ್ ತಾಳೆ ಮಾಡಿ, ಸೆಕ್ಯೂರ್ ಬೂಟ್ ಆಫ್ ಮಾಡಿದ ಮೇಲೆ ಡಿಸ್ಕ್‌ಗಳು ಸಾಲಾಗಿ ಬಂದವು. ಬೇಡ ಅಂದವರೇ ಬಂದು ಸ್ಕ್ರೀನ್ ನೋಡಿಕೊಂಡು ಹೋದರು.

ಆದರೆ ಸರ್ವರ್‌ನ ಡಿಸ್ಕ್, ಅಂದರೆ ಎಸ್‌ಡಿಎ (ಲಿನಕ್ಸ್ ಡಿಸ್ಕಿಗೆ ಕೊಡುವ ಹೆಸರು), ಅಂದುಕೊಂಡಿದ್ದು ರಿಮೋಟ್ ಕನ್ಸೋಲಿನ ವರ್ಚುವಲ್ ಯುಎಸ್‌ಬಿ! ಕಿಕ್‌ಸ್ಟಾರ್ಟಿನಲ್ಲಿ ಡಿಸ್ಕ್ ಹೆಸರು ನೇರವಾಗಿ ಬರೆಯೋದನ್ನು ಅವತ್ತೇ ಬಿಟ್ಟೆ. ಈಗ ಇನ್‌ಸ್ಟಾಲ್ ಶುರುವಾಗೋ ಮುಂಚೆ ಓಡುವ ಪ್ರೀ ಸ್ಕ್ರಿಪ್ಟ್ ಮೊದಲು ಯುಡೆವ್ (ಸಾಧನಗಳನ್ನು ಗುರುತಿಸುವ ಸೇವೆ) ಸೆಟಲ್ ಆಗುವವರೆಗೆ ಕಾಯುತ್ತದೆ, ಡಿಸ್ಕ್ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆಯಿಂದ ಯುಎಸ್‌ಬಿ ಬಿಟ್ಟು ಮಿಕ್ಕವುಗಳಲ್ಲಿ ಚಿಕ್ಕ ಡಿಸ್ಕನ್ನು ಆರಿಸುತ್ತದೆ, ಆ ಡಿಸ್ಕನ್ನಷ್ಟೇ ಬಳಸು ಅನ್ನುವ ಇಗ್ನೋರ್‌ಡಿಸ್ಕ್ ಸಾಲನ್ನು ಟೆಂಪ್ ಫೈಲಿಗೆ ಬರೆಯುತ್ತದೆ. ಮುಖ್ಯ ಫೈಲ್ ಅದನ್ನು ಇನ್‌ಕ್ಲೂಡ್ ಮಾಡಿಕೊಳ್ಳುತ್ತದೆ. ಒಂದೇ ಅಳತೆಯ ಎರಡು ಡಿಸ್ಕ್ ಇದ್ದರೆ ಯಾವುದು ಅಂತ ಕೇಳ್ತೀರಿ ಅಲ್ವಾ? ಅದಕ್ಕೊಂದು ಉಪಾಯ ಇದೆ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಡಿಸ್ಕ್‌ಗಳಲ್ಲಿ ಉಳಿದಿದ್ದ ಹಳೇ ರೇಡ್ (ಹಲವು ಡಿಸ್ಕ್ ಸೇರಿಸಿ ಒಂದಾಗಿ ಬಳಸುವ ವ್ಯವಸ್ಥೆ) ಗುರುತುಗಳೂ ಜಾಸ್ತಿ ಕಾಡಿದವು. ಡಿಸ್ಕಿನ ಮೊದಲ ಕೆಲವು ಎಂಬಿ ಒರೆಸಿದರೆ ಸಾಲದು, ಎಂಡಿಎಡಿಎಂ (ಲಿನಕ್ಸ್ ರೇಡ್ ಉಪಕರಣ) 1.0 ಮಾದರಿಯ ಮೆಟಾಡೇಟಾ ಕೊನೆಯಲ್ಲಿ ಕೂತಿರುತ್ತದೆ. ವೈಪ್‌ಎಫ್‌ಎಸ್ ಕಮಾಂಡನ್ನು -a ಜೊತೆ ಓಡಿಸಿ.

ಮಧ್ಯೆ ಎನ್‌ವಿಎಂಇ (ಒಂದು ಬಗೆಯ ವೇಗದ ಎಸ್‌ಎಸ್‌ಡಿ) ಇರುವ ಒಂದು ಡೆಸ್ಕ್‌ಟಾಪನ್ನೂ ಇದೇ ಸೆಟಪ್ಪಿಗೆ ಹಾಕಿ ನೋಡಿದೆ. ಡಿಸ್ಕ್ ಇಲ್ಲ. ಡಿಮೆಸೇಜ್‌ನಲ್ಲಿ (ಕರ್ನಲ್ ಲಾಗ್) 'ರೀಮ್ಯಾಪ್ಡ್ ಎನ್‌ವಿಎಂಇ' ಸಾಲು ಇತ್ತು. ಬಯಾಸ್‌ನಲ್ಲಿ ರೇಡ್ ಬದಲು ಎಎಚ್‌ಸಿಐ ಮಾಡಿದ್ದೇ ತಡ, ಸರಿಯಾಯಿತು. ಡ್ರೈವರ್ ಗೊಡವೆಯೇ ಬೇಕಾಗಲಿಲ್ಲ.

ಹಳೇ ಕಾರ್ಡಿನ ಸರ್ವರ್‌ಗಳಿಗೆ, ಇನ್‌ಸ್ಟಾಲ್ ಮುಗಿದ ಮೇಲೆ ಓಡುವ ಪೋಸ್ಟ್ ಸ್ಕ್ರಿಪ್ಟ್‌ನಲ್ಲಿ ಎಲ್‌ರೆಪೋ ರೆಪೊಸಿಟರಿ ಸೇರಿಸೋದು ಮರೆಯಬೇಡಿ. ಇಲ್ಲದಿದ್ದರೆ ಮುಂದಿನ ಮೈನರ್ ರಿಲೀಸಿನ ಕರ್ನಲ್ ಬಂದಾಗ ಕೆಮಾಡ್ (ಎಲ್‌ರೆಪೋದ ಡ್ರೈವರ್ ಪ್ಯಾಕೇಜ್) ಕೈಕೊಡಬಹುದು, ರೂಟ್ ಡಿಸ್ಕೇ ಸಿಗದೆ ಯಂತ್ರ ಡ್ರಾಕಟ್‌ನ ತುರ್ತು ಶೆಲ್ಲಿನಲ್ಲಿ ಕೂತಿರುತ್ತದೆ.